ಮೊಬೈಲ್ ಬಂತು ಕೈಗೆ: ಲಾಭವೋ? ನಷ್ಟವೋ?

ನಮ್ಮದು ಕೋಲಾರ ಜಿಲ್ಲೆಯ ಒಂದು ಸಣ್ಣ ಹಳ್ಳಿ. ಸಂಜೆ ಡೈರಿಗೆ ಹಾಲು ಹಾಕಿ, ಒಲೆ ಮೇಲೆ ಸಾರು ಇಟ್ಟು, ನಾವು ಕಲಿಕಾ ಕೇಂದ್ರಕ್ಕೆ ಬರುತ್ತೇವೆ. ಹೆಂಗಸರೇ ಜಾಸ್ತಿ. ಗಂಡಸರೂ ಕೆಲವರು ಬರುತ್ತಾರೆ. ಅಕ್ಷರ ಬರೆಯುತ್ತೇವೆ. ಅಂಕಿ ಕಲಿಯುತ್ತೇವೆ. ಊರಿನ ಕಷ್ಟ ಸುಖವನ್ನೂ ಮಾತಾಡುತ್ತೇವೆ.

ಒಂದು ಸಂಜೆ ನಮ್ಮ ಓಣಿಯ ದೊಡ್ಡಮ್ಮ ಎದ್ದು ನಿಂತರು. ಅವರ ಮುಖ ಬಾಡಿತ್ತು.

"ಈ ಫೋನು ಅನ್ನೋದು ಒಳ್ಳೇದಾ, ಕೆಟ್ಟದ್ದಾ? ಇವತ್ತು ನೀವೆಲ್ಲ ಸೇರಿ ತೀರ್ಮಾನ ಹೇಳಿ" ಎಂದರು.

ಯಾಕೆ ಹೀಗೆ ಕೇಳಿದರು? ಅವರಿಗೆ ಏನಾಗಿತ್ತು?

ದೊಡ್ಡಮ್ಮನ ದುಡ್ಡು ಹೋಯಿತು

ದೊಡ್ಡಮ್ಮ ಎರಡು ಕುರಿ ಮಾರಿದ್ದರು. 14,000 ರೂಪಾಯಿ ಬಂದಿತ್ತು. ಸೊಸೆ ಬಸುರಿ. ಬಾಣಂತನದ ಖರ್ಚಿಗೆ ಇರಲಿ ಅಂತ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟಿದ್ದರು.

ಒಂದು ಮಧ್ಯಾಹ್ನ ಫೋನು ಬಂತು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಸೊಸೆ ಅಂಗನವಾಡಿಗೆ ಹೋಗಿದ್ದಳು. ದೊಡ್ಡಮ್ಮನೇ ಫೋನು ಎತ್ತಿದರು.

"ಅಮ್ಮಾ, ಬ್ಯಾಂಕಿನಿಂದ ಮಾತಾಡ್ತಿದೀವಿ. ನಿಮ್ಮ ಎಟಿಎಂ ಕಾರ್ಡು ಇವತ್ತು ಬಂದ್ ಆಗ್ತದೆ. ಕಾರ್ಡಿನ ನಂಬರು ಹೇಳಿದ್ರೆ ಸರಿ ಮಾಡ್ತೀವಿ."

ದೊಡ್ಡಮ್ಮನಿಗೆ ಆಗ ಅಂಕಿ ಓದಲು ಬರುತ್ತಿರಲಿಲ್ಲ. ಪಕ್ಕದ ಮನೆಯ ಹುಡುಗನನ್ನು ಕೂಗಿದರು. ಅವನು ನಾಲ್ಕನೇ ಕ್ಲಾಸು. ಕಾರ್ಡಿನ 16 ಅಂಕಿಗಳನ್ನೂ ಪಟಪಟ ಓದಿದ. ಹಿಂದುಗಡೆಯ 3 ಅಂಕಿಯನ್ನೂ ಓದಿದ. ಅಷ್ಟರಲ್ಲಿ ಫೋನಿಗೆ ಒಂದು ಮೆಸೇಜು ಬಂತು. ಅದರಲ್ಲಿದ್ದ 6 ಅಂಕಿಯನ್ನೂ ಓದಿದ. ಆ ಕಡೆಯವನು "ಸರಿ ಆಯ್ತಮ್ಮ" ಅಂದು ಫೋನು ಇಟ್ಟ.

ಮಾರನೇ ದಿನ ಪಾಸ್‌ಬುಕ್ಕು ತೋರಿಸಿದಾಗ ದುಡ್ಡು ಇರಲಿಲ್ಲ.

ಆ ಮೆಸೇಜಿನಲ್ಲೇ "ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ" ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಹುಡುಗನಿಗೆ ಅಂಕಿ ಓದಲು ಬಂತು. ಇಂಗ್ಲಿಷು ಬರಲಿಲ್ಲ. ದೊಡ್ಡಮ್ಮನಿಗೆ ಎರಡೂ ಬರಲಿಲ್ಲ.

ಅಂದಿನಿಂದ ದೊಡ್ಡಮ್ಮ ಫೋನು ಮುಟ್ಟಲಿಲ್ಲ. ಅದನ್ನು ಸೊಸೆಯ ಕೈಗೆ ಕೊಟ್ಟುಬಿಟ್ಟರು. ಆದರೆ ಕಲಿಕಾ ಕೇಂದ್ರಕ್ಕೆ ಬಂದು ಸೇರಿದರು. "ಮೊದಲು ನಂಗೆ ಅಂಕಿ ಕಲಿಸಿ" ಎಂದರು.

ಮೊದಲು ಹೇಗಿತ್ತು?

ಅವರ ಪ್ರಶ್ನೆಗೆ ಉತ್ತರ ಹುಡುಕಲು ನಾವು ಹಿಂದಿನ ಕಾಲ ನೆನಪು ಮಾಡಿಕೊಂಡೆವು.

ನಮ್ಮೂರಿನಲ್ಲಿ ಫೋನೇ ಇರಲಿಲ್ಲ. ದೂರದ ಊರಿಗೆ ಸುದ್ದಿ ಮುಟ್ಟಿಸಬೇಕಾದರೆ ಹೋಬಳಿಗೆ ನಡೆಯಬೇಕು. ಅಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತು. ಅಲ್ಲಿ ಸಾಲು ನಿಲ್ಲಬೇಕು. ಸಾವಿನ ಸುದ್ದಿ ತಲುಪುವ ಹೊತ್ತಿಗೆ ಮಣ್ಣು ಮುಗಿದಿರುತ್ತಿತ್ತು.

ಕೈಯಲ್ಲಿ ಹಿಡಿಯುವ ಮೊಬೈಲ್ ಫೋನಿನಿಂದ ಮೊದಲ ಕರೆ ಹೋದದ್ದು 1973ರಲ್ಲಿ, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಮಾರ್ಟಿನ್ ಕೂಪರ್ ಎಂಬ ಎಂಜಿನಿಯರು ಆ ಕರೆ ಮಾಡಿದರು. ಆ ಫೋನಿನ ತೂಕ ಸುಮಾರು 1 ಕಿಲೋ!

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ಮಾತಾಡಿದರು. ದೆಹಲಿಯಲ್ಲಿ ಕೇಂದ್ರ ಮಂತ್ರಿ ಸುಖ್ ರಾಮ್ ಕೇಳಿಸಿಕೊಂಡರು. ಆಗ ಮಾತು ಬಹಳ ತುಟ್ಟಿ. ಫೋನು ಮಾಡಿದವರೂ ದುಡ್ಡು ಕೊಡಬೇಕು, ಎತ್ತಿದವರೂ ಕೊಡಬೇಕು. 2003ರಲ್ಲಿ ಬಂದ ಕರೆಗೆ ದುಡ್ಡು ಕೊಡುವುದು ತಪ್ಪಿತು. ಆಮೇಲೆ ಮೊಬೈಲು ಹಳ್ಳಿಗೂ ಬಂತು, ಬಡವರ ಕೈಗೂ ಬಂತು.

ಸೆಲ್ ಅಂದರೆ ಏನು?

ಜೇನುಹಲ್ಲೆ ನೋಡಿದ್ದೀರಲ್ಲ? ಅದರ ತುಂಬ ಸಣ್ಣ ಸಣ್ಣ ಕೋಣೆಗಳು. ಇಂಗ್ಲಿಷಿನಲ್ಲಿ ಅಂಥ ಕೋಣೆಗೆ ಸೆಲ್ ಅನ್ನುತ್ತಾರೆ. ಮೊಬೈಲಿಗಾಗಿ ನಾಡನ್ನೂ ಹೀಗೆಯೇ ಕೋಣೆ ಕೋಣೆಯಾಗಿ ಹಂಚಿದ್ದಾರೆ. ಒಂದೊಂದು ಕೋಣೆಗೆ ಒಂದೊಂದು ಟವರು. ನಮ್ಮ ಮಾತು ಗಾಳಿಯಲ್ಲಿ ರೇಡಿಯೋ ಅಲೆಯಾಗಿ ಟವರಿಗೆ ಹೋಗುತ್ತದೆ. ಬಸ್ಸಿನಲ್ಲಿ ಹೋಗುವಾಗ ಒಂದು ಟವರು ನಮ್ಮನ್ನು ಇನ್ನೊಂದು ಟವರಿಗೆ ಒಪ್ಪಿಸುತ್ತದೆ. ಹಾಗಾಗಿ ಮಾತು ತುಂಡಾಗುವುದಿಲ್ಲ. ಟವರು ದೂರವಾದರೆ ಸಿಗ್ನಲ್ ಸಿಗುವುದಿಲ್ಲ.

ಲಾಭದ ಮಾತು

ನಮ್ಮ ಪ್ರೇರಕಿ ಬೋರ್ಡಿನ ನಡುವೆ ಒಂದು ಗೆರೆ ಎಳೆದರು. ಒಂದು ಕಡೆ "ಲಾಭ", ಇನ್ನೊಂದು ಕಡೆ "ನಷ್ಟ" ಎಂದು ಬರೆದರು.

ಟೊಮೆಟೊ ಬೆಳೆಯುವ ಅಣ್ಣ ಒಬ್ಬರು ಮೊದಲು ಮಾತಾಡಿದರು. "ಮೊದಲೆಲ್ಲ ಬಾಕ್ಸು ಗಾಡಿಗೆ ಹೇರಿಕೊಂಡು ಕೋಲಾರ ಮಂಡಿಗೆ ಹೋದ ಮೇಲೇನೇ ರೇಟು ಗೊತ್ತಾಗ್ತಿತ್ತು. ಬಿದ್ದು ಹೋಗಿದ್ರೂ ಕೊಟ್ಟು ಬರಬೇಕಿತ್ತು. ಈಗ ಬೆಳಿಗ್ಗೆ ಒಂದು ಫೋನು ಹಾಕ್ತೀನಿ. ರೇಟು ಕೇಳ್ಕೊಂಡು ಆಮೇಲೆ ಹಣ್ಣು ಬಿಡಿಸ್ತೀನಿ."

ಅವರ ಮಾತಿಗೆ ಪ್ರೇರಕಿ ಒಂದು ನಡೆದ ಸಂಗತಿ ಸೇರಿಸಿದರು. ಅದು ಕೇರಳದ ಮೀನುಗಾರರದ್ದು. 1997ರ ಜನವರಿಯ ಒಂದು ದಿನ. ವಡಗರ ಎಂಬ ಊರಿನ ದಡಕ್ಕೆ ಮೀನು ತಂದ 11 ಮಂದಿಗೆ ಕೊಳ್ಳುವವರೇ ಇರಲಿಲ್ಲ. ಮೀನನ್ನು ಚೆಲ್ಲುವ ಗತಿ ಬಂತು. ಅದೇ ಹೊತ್ತಿನಲ್ಲಿ 15 ಕಿಲೋಮೀಟರ್ ಒಳಗೇ ಬೇರೆ ದಡಗಳಲ್ಲಿ 27 ಮಂದಿ ಮೀನು ಸಿಗದೆ ಬರಿಗೈಲಿ ಹೊರಟಿದ್ದರು. ಇವರ ವಿಷಯ ಅವರಿಗೆ ಗೊತ್ತಿಲ್ಲ, ಅವರ ವಿಷಯ ಇವರಿಗೆ ಗೊತ್ತಿಲ್ಲ!

ಆಮೇಲೆ ಅಲ್ಲಿಗೆ ಮೊಬೈಲು ಬಂತು. ಮೀನುಗಾರರು ಸಮುದ್ರದಿಂದಲೇ ಫೋನು ಮಾಡಿ, ಕೊಳ್ಳುವವರು ಇರುವ ದಡಕ್ಕೆ ದೋಣಿ ತಿರುಗಿಸಿದರು. ಮೀನು ಚೆಲ್ಲುವುದು ನಿಂತಿತು. ರಾಬರ್ಟ್ ಜೆನ್ಸನ್ ಎಂಬ ವಿದ್ವಾಂಸರು ಇದನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಮೀನುಗಾರರ ಲಾಭ ನೂರಕ್ಕೆ 8ರಷ್ಟು ಏರಿತ್ತು. ಕೊಂಡು ತಿನ್ನುವವರಿಗೆ ಬೆಲೆ ನೂರಕ್ಕೆ 4ರಷ್ಟು ಇಳಿದಿತ್ತು. ಮಾರುವವರಿಗೂ ಒಳ್ಳೇದು, ಕೊಳ್ಳುವವರಿಗೂ ಒಳ್ಳೇದು.

ಲಾಭದ ಪಟ್ಟಿ ಬೆಳೆಯಿತು. ಬೆಂಗಳೂರಿನ ಮಗನ ದನಿ ದಿನಾ ಕೇಳಬಹುದು. ಬೆಳೆಗೆ ರೋಗ ಬಂದರೆ 1800-180-1551ಕ್ಕೆ ಫೋನು ಮಾಡಿ ಕನ್ನಡದಲ್ಲೇ ಕೇಳಬಹುದು. ಅದು ರೈತರಿಗಾಗಿ 2004ರಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರ್. ಜೀವಕ್ಕೆ ಅಪಾಯ ಬಂದರೆ 108ಕ್ಕೆ ಫೋನು ಮಾಡಬಹುದು. ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸು 2008ರ ರಾಜ್ಯೋತ್ಸವದ ದಿನ ಶುರುವಾಯಿತು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ನಷ್ಟದ ಮಾತು

"ಲಾಭಾನೇ ಹೇಳ್ತೀರಲ್ಲ, ಕರೆನ್ಸಿ ಹಾಕ್ಸೋರು ಯಾರು?" ಎಂದು ಒಬ್ಬ ಅಕ್ಕ ಕೇಳಿದರು. ಎಲ್ಲರೂ ನಕ್ಕೆವು. ಆಮೇಲೆ ಲೆಕ್ಕ ಮಾಡಿದೆವು.

ವರ್ಷಕ್ಕೆ 12 ತಿಂಗಳು. ಆದರೆ ಎಷ್ಟೋ ರೀಚಾರ್ಜುಗಳಿಗೆ ತಿಂಗಳು ಅಂದರೆ 28 ದಿನ. 28ನ್ನು 13ರಿಂದ ಗುಣಿಸಿದರೆ 364. ಅಂದರೆ ವರ್ಷಕ್ಕೆ 12 ಸಲ ಅಲ್ಲ, 13 ಸಲ ಕರೆನ್ಸಿ ಹಾಕಿಸಬೇಕು! ಒಂದು ಸಲಕ್ಕೆ 200 ರೂಪಾಯಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 2,600 ರೂಪಾಯಿ. ಮನೆಯಲ್ಲಿ ಮೂರು ಫೋನು ಇದ್ದರೆ 7,800 ರೂಪಾಯಿ. ಈ ಲೆಕ್ಕ ನಾವು ಅದುವರೆಗೆ ಮಾಡಿಯೇ ಇರಲಿಲ್ಲ.

ಇನ್ನೊಂದು ನಷ್ಟ ಮಕ್ಕಳದ್ದು. ಮಗು ಅತ್ತರೆ ಫೋನು, ಊಟಕ್ಕೆ ಕೂತರೆ ಫೋನು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ಸಲಹೆ ಕೊಟ್ಟಿತು. 2 ವರ್ಷ ತುಂಬುವ ತನಕ ಮಗುವಿಗೆ ಫೋನು, ಟಿವಿ ತೋರಿಸಬೇಡಿ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆ ಮೀರಬಾರದು. ಕಡಿಮೆಯಾದಷ್ಟೂ ಒಳ್ಳೆಯದು.

ಮೂರನೆಯದು ಸುಳ್ಳು ಸುದ್ದಿ. ಇದು ಜೀವವನ್ನೇ ತೆಗೆದಿದೆ. 2018ರಲ್ಲಿ "ಮಕ್ಕಳ ಕಳ್ಳರು ಬಂದಿದ್ದಾರೆ" ಎಂಬ ಸುಳ್ಳು ವಾಟ್ಸಾಪಿನಲ್ಲಿ ಊರಿಂದೂರಿಗೆ ಹರಡಿತು. ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಗೆ ಕಾರಿನಲ್ಲಿ ಕೆಲವು ಗೆಳೆಯರು ಬಂದಿದ್ದರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ ಅವರು ಮಾಡಿದ್ದು. ಯಾರೋ ಅವರನ್ನು ಕಳ್ಳರೆಂದು ಮೆಸೇಜು ಕಳಿಸಿದರು. ಮುರ್ಕಿ ಎಂಬ ಊರಿನ ಹತ್ತಿರ ಜನ ಕಾರು ತಡೆದು ಹೊಡೆದರು. ಹೈದರಾಬಾದಿನ ಒಬ್ಬ ಯುವಕ ಸತ್ತೇ ಹೋದ. ಹೊಡೆದವರಲ್ಲಿ ಯಾರೂ ಅವನನ್ನು ಒಂದು ಮಾತು ಕೇಳಿ ತಿಳಿಯಲಿಲ್ಲ. ಬೆರಳು ಒತ್ತಿದ್ದಕ್ಕೆ ಒಂದು ಮನೆ ಹಾಳಾಯಿತು.

ನಂಬರು ಯಾರದು?

ಆಗ ಒಬ್ಬ ತಂಗಿ ಮೆಲ್ಲಗೆ ಹೇಳಿದಳು. "ಗೃಹಲಕ್ಷ್ಮಿ ದುಡ್ಡು ನನ್ನ ಹೆಸರಿಗೇ ಬರ್ತದೆ. ಆದ್ರೆ ಬ್ಯಾಂಕಿಗೆ ಕೊಟ್ಟಿರೋ ನಂಬರು ನಮ್ಮೆಜಮಾನರದ್ದು. ದುಡ್ಡು ಬಂದ ಮೆಸೇಜು ಅವರಿಗೇ ಹೋಗ್ತದೆ. ಬಂತಾ ಇಲ್ವಾ ಅಂತ ನಾನೇ ಅವರನ್ನ ಕೇಳ್ಬೇಕು."

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ನಾವು ಕೈ ಎತ್ತಿ ಎಣಿಸಿದೆವು. ನಮ್ಮಲ್ಲಿ ಬಹಳ ಮಂದಿಯ ಕಥೆ ಇದೇ ಆಗಿತ್ತು. ಖಾತೆ ನಮ್ಮದು, ನಂಬರು ಇನ್ನೊಬ್ಬರದು. ಮನೆಯಲ್ಲಿ ಫೋನು ಇದೆ ಅಂದ ಮಾತ್ರಕ್ಕೆ ಅದು ನಮ್ಮ ಫೋನು ಆಗುವುದಿಲ್ಲ. ನಮ್ಮ ನಂಬರು ಇರಬೇಕು. ಬಂದ ಮೆಸೇಜನ್ನು ನಾವೇ ಓದಬೇಕು.

ಮುಂದಿನ ವಾರ ಏಳು ಮಂದಿ ಸೇರಿ ಬ್ಯಾಂಕಿಗೆ ಹೋದೆವು. ಖಾತೆಗೆ ನಮ್ಮದೇ ನಂಬರು ಬರೆಸಿ ಬಂದೆವು. ಫಾರಮ್ಮಿಗೆ ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಹಾಕಿದೆವು.

ಆ ರಾತ್ರಿ

ಎರಡು ತಿಂಗಳು ಕಳೆಯಿತು. ಒಂದು ರಾತ್ರಿ ದೊಡ್ಡಮ್ಮನ ಸೊಸೆಗೆ ಹೆರಿಗೆ ನೋವು ಶುರುವಾಯಿತು. ದಿನ ಇನ್ನೂ ತುಂಬಿರಲಿಲ್ಲ. ಮನೆಯಲ್ಲಿ ಇಬ್ಬರೇ. ಹೊರಗೆ ಜೋರು ಮಳೆ, ಕರೆಂಟು ಇಲ್ಲ. ಸೊಸೆ ನೋವಿನಲ್ಲಿ ಒದ್ದಾಡುತ್ತಿದ್ದಾಳೆ, ಮಾತಾಡಲು ಆಗುತ್ತಿಲ್ಲ.

ದೊಡ್ಡಮ್ಮ ಮುಟ್ಟೆನೆಂದ ಫೋನನ್ನು ಕೈಗೆತ್ತಿಕೊಂಡರು. ಬುಡ್ಡಿ ಬೆಳಕಿನಲ್ಲಿ ಒಂದೊಂದೇ ಅಂಕಿ ಹುಡುಕಿ ಒತ್ತಿದರು. ಒಂದು. ಸೊನ್ನೆ. ಎಂಟು.

ಆ ಕಡೆಯಿಂದ ಕನ್ನಡದಲ್ಲಿ ದನಿ ಕೇಳಿತು. ದೊಡ್ಡಮ್ಮ ತಾಲ್ಲೂಕು ಹೇಳಿದರು, ಊರು ಹೇಳಿದರು, ದೇವಸ್ಥಾನದ ಗುರುತು ಹೇಳಿದರು. ಆಂಬುಲೆನ್ಸು ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಬೆಳಗಿನ ಜಾವ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಉಳಿದರು.

ಮುಂದಿನ ಸಂಜೆ ದೊಡ್ಡಮ್ಮ ಕೇಂದ್ರಕ್ಕೆ ಬೆಲ್ಲ ತಂದರು. "ದುಡ್ಡು ಕಳೆದದ್ದೂ ಅದೇ ಫೋನು. ಮೊಮ್ಮಗಳನ್ನ ಕೊಟ್ಟಿದ್ದೂ ಅದೇ ಫೋನು. ಅವತ್ತು ಫೋನು ಕೈಲಿತ್ತು, ಅಂಕಿ ಕೈಲಿರಲಿಲ್ಲ. ಈಗ ಎರಡೂ ಅವೆ" ಎಂದರು.

ಅವರ ಪ್ರಶ್ನೆಗೆ ಅವರೇ ಉತ್ತರ ಹೇಳಿದರು. ನಾವೂ ಒಪ್ಪಿದೆವು. ಮೊಬೈಲು ಕುಡುಗೋಲಿನ ಹಾಗೆ. ಹಿಡಿಯಲು ಗೊತ್ತಿದ್ದರೆ ಪೈರು ಕೊಯ್ಯುತ್ತದೆ. ಗೊತ್ತಿಲ್ಲದಿದ್ದರೆ ಬೆರಳು ಕೊಯ್ಯುತ್ತದೆ.

ನೆನಪಿಡೋಣ

1. ಫೋನಿಗೆ ಬರುವ ಗುಟ್ಟಿನ ಅಂಕಿಗೆ ಓಟಿಪಿ ಅನ್ನುತ್ತಾರೆ. ಅದನ್ನು ಫೋನಿನಲ್ಲಿ ಕೇಳಿದವರಿಗೆ ಹೇಳಬಾರದು. ಬ್ಯಾಂಕಿನವರು ಅದನ್ನು ಕೇಳುವುದಿಲ್ಲ.

2. ಫೋನಿನಲ್ಲಿ ದುಡ್ಡು ಕಳಿಸಲು ಪಿನ್ ಒತ್ತಬೇಕು. ದುಡ್ಡು ಬರಲು ಪಿನ್ ಬೇಕಾಗಿಲ್ಲ. "ದುಡ್ಡು ಹಾಕ್ತೀವಿ, ಪಿನ್ ಒತ್ತಿ" ಎಂದರೆ ಅದು ಮೋಸ.

3. ಮೋಸ ಆದರೆ ನಾಚಿಕೆ ಪಡಬೇಡಿ, ನಾಳೆಗೆ ಬಿಡಬೇಡಿ. ಕೂಡಲೇ 1930ಕ್ಕೆ ಫೋನು ಮಾಡಿ. ಬ್ಯಾಂಕಿಗೂ ತಿಳಿಸಿ. ಕಳ್ಳರು ದುಡ್ಡನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಾರೆ. ಬೇಗ ತಿಳಿಸಿದರೆ ನಡುವೆ ತಡೆಯಬಹುದು.

4. ಸುದ್ದಿ ಬಂದರೆ ಮೊದಲು ವಿಚಾರಿಸಿ. ನಿಜವೆಂದು ಗೊತ್ತಾಗದೆ ಮುಂದಕ್ಕೆ ಕಳಿಸಬೇಡಿ.

5. ಬೈಕು, ಟ್ರ್ಯಾಕ್ಟರು ಓಡಿಸುವಾಗ ಫೋನು ಹಿಡಿಯಬೇಡಿ. ಕಾನೂನಿನಲ್ಲಿ ಅದು ತಪ್ಪು. ಜೀವಕ್ಕೂ ಅಪಾಯ.

6. ಈ ನಂಬರುಗಳನ್ನು ಗೋಡೆ ಮೇಲೆ ಬರೆದಿಡಿ: ಆಂಬುಲೆನ್ಸು 108. ಪೊಲೀಸು, ಬೆಂಕಿ, ಯಾವುದೇ ಅಪಾಯ 112. ಹೆಂಗಸರ ಸಹಾಯಕ್ಕೆ 181. ಮಕ್ಕಳ ಸಹಾಯಕ್ಕೆ 1098.

ಮಾಡಿ ನೋಡಿ

1. ನಿಮ್ಮ ಫೋನು ನಂಬರನ್ನು ನೋಡದೆ ಬರೆಯಿರಿ. 10 ಅಂಕಿ ಇದೆಯೇ ಎಣಿಸಿ.

2. ನಿಮ್ಮ ಫೋನಿನಲ್ಲಿ \*#06# ಒತ್ತಿ. 15 ಅಂಕಿ ಕಾಣುತ್ತದೆ. ಅದು ಫೋನಿನ ಗುರುತಿನ ಸಂಖ್ಯೆ. ಪುಸ್ತಕದಲ್ಲಿ ಬರೆದಿಡಿ. ಫೋನು ಕಳೆದರೆ ದೂರು ಕೊಡಲು ಬೇಕಾಗುತ್ತದೆ.

3. ನಿಮ್ಮ ಮನೆಯಲ್ಲಿ ಎಷ್ಟು ಫೋನು ಇವೆ? ವರ್ಷಕ್ಕೆ ಕರೆನ್ಸಿಗೆ ಎಷ್ಟು ಖರ್ಚು? ಲೆಕ್ಕ ಮಾಡಿ.

4. ನಿಮ್ಮ ಬ್ಯಾಂಕಿನ ಖಾತೆಗೆ ಯಾರ ನಂಬರು ಕೊಟ್ಟಿದ್ದೀರಿ? ಮನೆಯವರ ಜೊತೆ ಕೂತು ಮಾತಾಡಿ.