ಬಿಸಿನೀರಿನ ಡ್ರಮ್ಮಿಗೆ ಮನೆಯಲ್ಲೇ ಮಾಡಿದ ಉಷ್ಣ ವಿನಿಮಯಕ

ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಉಷ್ಣವಾಹಕತೆ, ವಿಶಿಷ್ಟೋಷ್ಣ, ಸಂವಹನ ಎಂಬ ಪದಗಳನ್ನು ನಾವೆಲ್ಲ ಓದಿದ್ದೇವೆ. ಈ ಮೂರೂ ಒಂದೇ ವಸ್ತುವಿನಲ್ಲಿ ಕೆಲಸ ಮಾಡುವುದನ್ನು ನೋಡಬೇಕಾದರೆ ಉಷ್ಣ ವಿನಿಮಯಕವನ್ನು ನೋಡಬೇಕು. ಉಚ್ಚಂಗಿದುರ್ಗದ ನಮ್ಮ ಮನೆಯ ಮಾಳಿಗೆ ಮೇಲೆ ಮಾಮು ಮತ್ತು ನಾನು ಸೇರಿ ಅಂಥದ್ದೊಂದನ್ನು ಮಾಡಿದೆವು. ಅದರ ಲೆಕ್ಕವನ್ನು ಇಲ್ಲಿ ವಿವರಿಸುತ್ತೇನೆ.

ಯಾಕೆ ಬೇಕು?

ಮಾಮು ಗುಜರಿಯಿಂದ 2 ಚದರ ಮೀಟರಿನ ಹಳೆಯ ಸೋಲಾರ್ ಪ್ಯಾನೆಲ್ ತಂದಿದ್ದರು. ನಮ್ಮ ಬೋರ್ ನೀರು ಗಡಸು. ಇಂಥ ನೀರು ಕಾದಾಗ ಅದರಲ್ಲಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳ ಸೇರುತ್ತದೆ. ಪಾತ್ರೆಯಲ್ಲಾದರೆ ಉಜ್ಜಿ ತೆಗೆಯಬಹುದು. ಪ್ಯಾನೆಲ್ಲಿನ ಸಣ್ಣ ಕೊಳವೆ ಒಳಗೆ ಕಟ್ಟಿಕೊಂಡರೆ ತೆಗೆಯುವುದು ಕಷ್ಟ.

ಅದಕ್ಕೆ ಪರಿಹಾರ ನೀರನ್ನು ಎರಡು ಮಾಡುವುದು. ಪ್ಯಾನೆಲ್ಲಿನಲ್ಲಿ ಸುತ್ತುವ ನೀರು ಸುಮಾರು 10 ಲೀಟರ್, ಸದಾ ಅದೇ ನೀರು. ಅದರ ಸುಣ್ಣ ಒಮ್ಮೆ ಕಟ್ಟಿದರೆ ಮುಗಿಯಿತು. ಮಳೆನೀರು ತುಂಬಿದರೆ ಅದೂ ಇಲ್ಲ. ಸ್ನಾನದ ನೀರು ಡ್ರಮ್ಮಿನಲ್ಲಿ ಬೇರೆ ಇರುತ್ತದೆ. ನಡುವೆ ತಾಮ್ರದ ಸುರುಳಿ. ಉಷ್ಣ ದಾಟುತ್ತದೆ, ನೀರು ಬೆರೆಯುವುದಿಲ್ಲ.

ಎಷ್ಟು ಉಷ್ಣ?

100 ಲೀಟರ್ ನೀರನ್ನು 25ರಿಂದ 55 ಡಿಗ್ರಿಗೆ ಏರಿಸಲು 100 × 4.186 × 30 = 12,558 ಕಿಲೋಜೂಲ್, ಅಂದರೆ ಸುಮಾರು 3.5 ಯೂನಿಟ್ ಬೇಕು. ಒಣ ಸೌದೆಯ ಕಿಲೋಗೆ 15,000 ಕಿಲೋಜೂಲ್ ಹಿಡಿದು, ಒಲೆಯ ದಕ್ಷತೆ ಶೇ. 10 ಎಂದಿಟ್ಟುಕೊಂಡರೆ ಇದಕ್ಕೆ 8 ಕಿಲೋಗೂ ಹೆಚ್ಚು ಸೌದೆ. ಆ ಹೊಗೆಯನ್ನು ದಿನವೂ ಕುಡಿಯುವವರು ನಮ್ಮ ಮನೆಯಲ್ಲಿ ಅಮ್ಮಿ ಮತ್ತು ದಾದಿ. ದಾದಿಗೆ ಕೆಮ್ಮು ಇದೆ. ಈ ಕೆಲಸಕ್ಕೆ ಕೈ ಹಾಕಲು ಅದೇ ಕಾರಣ.

ದಕ್ಷತೆಯ ಈ ಪ್ರಶ್ನೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ತಂಡ ರೂಪಿಸಿದ ಅಸ್ತ್ರ ಒಲೆಯೂ ಇದೇ ತತ್ತ್ವದ್ದು. ಬಿಸಿ ಅನಿಲ ಪಾತ್ರೆಯ ಮೈಯನ್ನು ಸವರಿಕೊಂಡೇ ಚಿಮಣಿಗೆ ಹೋಗಬೇಕು. ಹೆಚ್ಚು ಮೈ ತಾಗಿದಷ್ಟೂ ಹೆಚ್ಚು ಉಷ್ಣ ದಾಟುತ್ತದೆ.

ಸುರುಳಿ ಎಷ್ಟು ಉದ್ದ?

15 ಮಿ.ಮೀ. ವ್ಯಾಸದ 10 ಮೀಟರ್ ಕೊಳವೆಯ ಹೊರಮೈ 3.14 × 0.015 × 10 = 0.47 ಚದರ ಮೀಟರ್. ಪಂಪ್ ಇಲ್ಲದೆ ನಿಧಾನವಾಗಿ ಹರಿಯುವ ನೀರಿಗೆ ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 200 ವಾಟ್ ದಾಟುತ್ತದೆ ಎಂದು ಹಿಡಿದೆ. ಮಧ್ಯಾಹ್ನ ಪ್ಯಾನೆಲ್ 1000 ವಾಟ್ ಕೊಟ್ಟರೆ, 1000 ÷ (0.47 × 200) = ಸುಮಾರು 11 ಡಿಗ್ರಿ. ಅಂದರೆ ಸುರುಳಿಯ ನೀರು ಡ್ರಮ್ಮಿನ ನೀರಿಗಿಂತ 11 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಸಾಕು.

ಇಲ್ಲಿ ಒಂದು ಅಚ್ಚರಿ ಇದೆ. ತಾಮ್ರದ ಉಷ್ಣವಾಹಕತೆ ಸುಮಾರು 400, ಸ್ಟೇನ್‌ಲೆಸ್ ಸ್ಟೀಲಿನದು ಸುಮಾರು 15. ಹಾಗಾದರೆ ಸ್ಟೀಲ್ ಸುರುಳಿ ಏನೂ ಪ್ರಯೋಜನವಿಲ್ಲವೇ? ಒಟ್ಟು ತಡೆ 1 ÷ 200 = 0.005. ಅದರಲ್ಲಿ 1 ಮಿ.ಮೀ. ಸ್ಟೀಲ್ ಗೋಡೆಯ ತಡೆ 0.001 ÷ 15 = 0.00007 ಮಾತ್ರ, ನೂರಕ್ಕೆ ಒಂದೆರಡು ಪಾಲು. ನಿಜವಾದ ತಡೆ ಲೋಹದ್ದಲ್ಲ, ಲೋಹಕ್ಕೆ ಅಂಟಿದಂತೆ ನಿಂತ ನೀರಿನ ತೆಳು ಪದರದ್ದು. ಆದರೆ 2 ಮಿ.ಮೀ. ಸುಣ್ಣ ಕಟ್ಟಿದರೆ, ಅದರ ಉಷ್ಣವಾಹಕತೆ 1 ಎಂದು ಹಿಡಿದರೂ, ತಡೆ 0.002 ಹೆಚ್ಚುತ್ತದೆ. ಆಗ ಬೇಕಾಗುವ ವ್ಯತ್ಯಾಸ 15 ಡಿಗ್ರಿ. ಆದ್ದರಿಂದ ಲೋಹದ ಚಿಂತೆಗಿಂತ ಸುಣ್ಣ ಉಜ್ಜುವ ಚಿಂತೆ ಮುಖ್ಯ. ನಮ್ಮ ಡ್ರಮ್ಮಿನ ಮುಚ್ಚಳ ತೆಗೆಯಲು ಬರುವಂತೆ ಇಟ್ಟಿದ್ದು ಅದಕ್ಕೇ. ನಾವು ತಾಮ್ರ ಆರಿಸಿದ್ದು ಅದು ಸುಲಭವಾಗಿ ಬಾಗುತ್ತದೆ ಎಂದು.

ಕಟ್ಟುವ ಕ್ರಮ

1. ಕೊಳವೆಯೊಳಗೆ ಚೆನ್ನಾಗಿ ಒಣಗಿದ ಮರಳು ತುಂಬಿ ಎರಡೂ ತುದಿ ಮುಚ್ಚಿ, ದಪ್ಪ ಪೈಪಿನ ಸುತ್ತ ನಿಧಾನವಾಗಿ ಸುತ್ತಬೇಕು. ಮರಳು ಇದ್ದರೆ ಕೊಳವೆ ಚಪ್ಪಟೆಯಾಗುವುದಿಲ್ಲ.
2. 10 ಮೀಟರಿನ ಒಂದೇ ಸುರುಳಿಗಿಂತ 5 ಮೀಟರಿನ ಎರಡನ್ನು ಜೊತೆಜೊತೆಗೆ ಜೋಡಿಸುವುದು ಒಳ್ಳೆಯದು. ಉದ್ದ ಅರ್ಧ, ಪ್ರತಿಯೊಂದರಲ್ಲೂ ಹರಿವು ಅರ್ಧ. ಹೀಗಾಗಿ ಹರಿವಿಗೆ ತಡೆ ಕಾಲು ಭಾಗವಾಗುತ್ತದೆ.
3. ಡ್ರಮ್ಮಿನ ತಳ ಪ್ಯಾನೆಲ್ಲಿನ ತಲೆಗಿಂತ ಒಂದು ಅಡಿಯಾದರೂ ಮೇಲಿರಲಿ. 40 ಡಿಗ್ರಿಯಲ್ಲಿ ಒಂದು ಘನ ಮೀಟರ್ ನೀರು 992 ಕಿಲೋ, 70ರಲ್ಲಿ 978. ಈ 14 ಕಿಲೋ ವ್ಯತ್ಯಾಸವೇ ನಮ್ಮ ಪಂಪ್. ಪೈಪ್ ಎಲ್ಲೂ ತಗ್ಗಿ ಏಳಬಾರದು. ಗಾಳಿ ಸಿಕ್ಕಿಕೊಂಡರೆ ಹರಿವು ನಿಲ್ಲುತ್ತದೆ.
4. ಸುರುಳಿ ಡ್ರಮ್ಮಿನ ಕೆಳಭಾಗದಲ್ಲಿರಲಿ. ತಣ್ಣೀರು ತಳಕ್ಕೆ ಬರಲಿ, ಬಿಸಿನೀರು ಮೇಲಿನಿಂದ ಹೊರಡಲಿ.
5. ಸತು ಲೇಪಿಸಿದ ಕಬ್ಬಿಣದ ಡ್ರಮ್ ಬೇಡ. ತಾಮ್ರದ ಜೊತೆ ನೀರಿನಲ್ಲಿದ್ದರೆ ಅದು ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಆಗಬಹುದು.

ಮುಚ್ಚಬಾರದ ಬಾಯಿ

ಪ್ಯಾನೆಲ್ಲಿನ ಸುತ್ತಿನ ಅತಿ ಎತ್ತರದ ಜಾಗದಲ್ಲಿ ಒಂದು ತೆರೆದ ಪೈಪ್ ಇದೆ. ಮೊದಲ ದಿನ ಅದರಿಂದ ನೀರು ತೊಟ್ಟಿಕ್ಕಿತು. "ಇದಕ್ಕೊಂದು ಬಿರಡೆ ಹಾಕಿಬಿಡೋಣ, ಬೇಟಾ" ಅಂದರು ಮಾಮು. "ಬೇಡ ಮಾಮು, ಲೆಕ್ಕ ನೋಡಿ" ಎಂದು ನಾನು ಗೋಡೆ ಮೇಲೆ ಬಳಪದಲ್ಲಿ ಬರೆದು ತೋರಿಸಿದೆ. 25ರಿಂದ 80 ಡಿಗ್ರಿಗೆ ಹೋದರೆ 10 ಲೀಟರ್ ನೀರು ಸುಮಾರು 260 ಮಿ.ಲೀ. ಹಿಗ್ಗುತ್ತದೆ. ಆ ನೀರಿಗೆ ಜಾಗ ಬೇಕು. ಇನ್ನು ಕುದಿದರೆ 1 ಲೀಟರ್ ನೀರು 1600 ಲೀಟರಿಗೂ ಹೆಚ್ಚು ಹಬೆಯಾಗುತ್ತದೆ. ಬಾಯಿ ಮುಚ್ಚಿದ್ದರೆ ಅದು ಬಾಂಬೇ. ಮಾಮು ವೆಲ್ಡಿಂಗ್ ಕೆಲಸದವರು, ಒತ್ತಡದ ಮಾತು ಅವರಿಗೆ ತಕ್ಷಣ ಅರ್ಥವಾಯಿತು. ಬಿರಡೆ ಬದಲು ಪೈಪನ್ನು ಎರಡು ಅಡಿ ಎತ್ತರಿಸಿದರು. ತೊಟ್ಟಿಕ್ಕುವುದು ನಿಂತಿತು, ಬಾಯಿ ತೆರೆದೇ ಇದೆ. ನೀವು ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ.

ಬೆಳಗಿನವರೆಗೆ ಬಿಸಿ

ನಮ್ಮ ದುರ್ಗದ ಬಂಡೆ ಸಂಜೆ ಕೈಗೆ ಬಿಸಿ ತಾಗುತ್ತದೆ. ಆದರೆ ಅಷ್ಟೇ ತೂಕದ ನೀರು ಅದರ ಐದು ಪಟ್ಟು ಉಷ್ಣ ಹಿಡಿಯುತ್ತದೆ. ಹಿಡಿದದ್ದನ್ನು ಬಿಡದಂತೆ ನೋಡಿಕೊಳ್ಳಬೇಕು. ಬರಿ ಡ್ರಮ್ಮಿನಲ್ಲಿ ಸಂಜೆ 55 ಡಿಗ್ರಿ ಇದ್ದ ನೀರು ಚಳಿಗಾಲದ 12 ಗಂಟೆಯಲ್ಲಿ ಸುಮಾರು 30ಕ್ಕೆ ಇಳಿಯುತ್ತದೆ. 5 ಸೆಂ.ಮೀ. ಗ್ಲಾಸ್ ವೂಲ್ ಸುತ್ತಿ ಮೇಲೆ ತಗಡು ಹೊದಿಸಿದರೆ ಇಳಿಯುವುದು ಮೂರು ನಾಲ್ಕು ಡಿಗ್ರಿ ಮಾತ್ರ. ಫಜರ್ ಹೊತ್ತಿಗೆ ವುಜೂ ಮಾಡಲು, ಆಮೇಲೆ ಸ್ನಾನಕ್ಕೆ, ಬಿಸಿನೀರು ಸಿಗುವುದು ಈ ಹೊದಿಕೆಯಿಂದ. ಮೋಡದ ದಿನ ಮಾತ್ರ ಒಲೆ ಹಚ್ಚಬೇಕು.

ನೀವೇ ಲೆಕ್ಕ ಹಾಕಿ

ಐದು ಜನರ ಮನೆ. ಒಬ್ಬರಿಗೆ 20 ಲೀಟರ್ ನೀರು, 22ರಿಂದ 42 ಡಿಗ್ರಿಗೆ ಕಾಯಬೇಕು. ಎಷ್ಟು ಯೂನಿಟ್ ಉಷ್ಣ ಬೇಕು? ಸುರುಳಿ 6 ಮೀಟರ್ ಮಾತ್ರ ಇದ್ದರೆ 1000 ವಾಟ್ ದಾಟಲು ಎಷ್ಟು ಡಿಗ್ರಿ ವ್ಯತ್ಯಾಸ ಬೇಕು? (ಉತ್ತರ: ಸುಮಾರು 2.3 ಯೂನಿಟ್; ಸುಮಾರು 18 ಡಿಗ್ರಿ.)