ಮಗಳಿಗೆ ‘ಹೂಂ’ ಅಂದುಬಿಟ್ಟೆ, ಬೆಟ್ಟ ಹತ್ತಬಲ್ಲೆನೇ?

ಪ್ರಶ್ನೆ: ನನಗೆ 61 ವರ್ಷ. ಮಾಸ್ತರಿಕೆಯಿಂದ ನಿವೃತ್ತನಾಗಿ ಸಾಲಗುಂದದಲ್ಲಿ ಭತ್ತದ ಗದ್ದೆ ನೋಡಿಕೊಂಡಿದ್ದೇನೆ. ಮಗಳು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಳೆ. ಮಳೆಗಾಲ ಮುಗಿದ ಮೇಲೆ ಗೆಳತಿಯರ ಜೊತೆ ಬೆಟ್ಟ ಹತ್ತುವ ಹವ್ಯಾಸ ಅವಳದು. ಈ ಸಲ ನವೆಂಬರ್‌ನಲ್ಲಿ ಕುದುರೆಮುಖಕ್ಕೆ ನನ್ನ ಹೆಸರಿಗೂ ಟಿಕೆಟ್ ಮಾಡಿಸುತ್ತೇನೆ ಎಂದು ಫೋನ್ ಮಾಡಿದಳು. ಖುಷಿಯಲ್ಲಿ ‘ಹೂಂ’ ಅಂದೆ. ಆಮೇಲಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಕಾಲುವೆ ಏರಿ ಇಳಿಯುವಾಗ ಎಡ ಮೊಣಕಾಲು ಕಟಕಟ ಅನ್ನುತ್ತದೆ. ಹಿಂದೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿದ್ದೆ ಅನ್ನುವ ಧೈರ್ಯ ಒಂದು ಕಡೆ. ಆ ಹುಡುಗಿಯರ ಎದುರು ಮಗಳಿಗೆ ಭಾರವಾದರೆ ಅನ್ನುವ ಅಳುಕು ಇನ್ನೊಂದು ಕಡೆ. ಹೆಂಡತಿ, “ಈ ವಯಸ್ಸಿನ್ಯಾಗ ಗುಡ್ಡ ಹತ್ತಿ ಯಾವ ಹರಕಿ ತೀರಸಬೇಕಾಗ್ಯದ ನಿಮಗ?” ಅನ್ನುತ್ತಾಳೆ. ಏನಾದರೂ ನೆವ ಹೇಳಿ ತಪ್ಪಿಸಿಕೊಳ್ಳಲೇ?

ಉತ್ತರ: ನೆವ ಬೇಡ ಮಾಸ್ತರ್ರೇ. ಭತ್ತದ ಕಟಾವು ಬಂತು ಅಂತ ನೀವು ಹೇಳಿದರೆ ಮಗಳು ನಂಬಿಯೇಬಿಡುತ್ತಾಳೆ, ನವೆಂಬರ್‌ನಲ್ಲಿ ಸಿಂಧನೂರು ಸೀಮೆಯ ಯಾವ ಮನೆಗೂ ಒಪ್ಪುವ ನೆವ ಅದು. ಆದರೆ ಮುಂದಿನ ವರ್ಷ ಅವಳು ಕೇಳುವುದಿಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಮೊಣಕಾಲು ಒಂದು ಸಾಲಿನಲ್ಲಿ ಮುಗಿದಿದೆ, ‘ಆ ಹುಡುಗಿಯರ ಎದುರು’ ಅನ್ನುವುದೇ ಉಳಿದದ್ದನ್ನೆಲ್ಲ ಆವರಿಸಿದೆ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ನೋಡೋಣ. ಮೊದಲು ಬೆಟ್ಟ, ಅದಕ್ಕಾದರೆ ಲೆಕ್ಕ ಇದೆ.

ಅಂಜನಾದ್ರಿಯನ್ನು ನೀವು ಹತ್ತಿಯೇ ಇರುತ್ತೀರಿ. 575 ಮೆಟ್ಟಿಲು. ಒಂದು ಮೆಟ್ಟಿಲಿಗೆ ಹದಿನೇಳು ಸೆಂಟಿಮೀಟರ್ ಹಿಡಿದರೆ ನೂರು ಮೀಟರ್ ಆಸುಪಾಸು ಆಗುತ್ತದೆ. ಕುದುರೆಮುಖದ ತುದಿ ಸಮುದ್ರಮಟ್ಟದಿಂದ 1,890 ಮೀಟರಿಗೂ ಎತ್ತರ. ಬಾಳೆಗಲ್‌ನಿಂದ ಜೀಪಿನಲ್ಲಿ ಮುಳ್ಳೋಡಿ ಮುಟ್ಟಿ, ಅಲ್ಲಿಂದ ನಡೆದರೆ ಏರಬೇಕಾದದ್ದು ಸುಮಾರು ಸಾವಿರ ಮೀಟರ್. ಅಂದರೆ ಒಂದೇ ದಿನ ಹತ್ತು ಅಂಜನಾದ್ರಿ, ಅದೂ ಮೆಟ್ಟಿಲಿಲ್ಲದ ದಾರಿಯಲ್ಲಿ, ನಡುವೆ ಹಳ್ಳಗಳನ್ನು ದಾಟಿಕೊಂಡು. ಹೋಗಿಬರುವ ದೂರ ಇಪ್ಪತ್ತು ಕಿಲೋಮೀಟರ್ ಹತ್ತಿರ.

ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸರಳ ಲೆಕ್ಕ ಕೊಟ್ಟ. ಜಗತ್ತಿನ ಬೆಟ್ಟ ಹತ್ತುವವರು ಇವತ್ತಿಗೂ ಅದನ್ನೇ ಹಿಡಿಯುತ್ತಾರೆ. ಐದು ಕಿಲೋಮೀಟರಿಗೆ ಒಂದು ಗಂಟೆ, ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ ಕುದುರೆಮುಖ ಗಟ್ಟಿಮುಟ್ಟಾದ ಕಾಲಿಗೆ ಐದು ಗಂಟೆ ನಲವತ್ತು ನಿಮಿಷ, ಕೂತು ದಣಿವಾರಿಸಿಕೊಳ್ಳುವುದು ಬಿಟ್ಟು. ನಿಮಗೆ ಅದರ ಒಂದೂವರೆ ಪಟ್ಟು ಇಟ್ಟುಕೊಳ್ಳಿ, ಊಟಕ್ಕೂ ವಿಶ್ರಾಂತಿಗೂ ಒಂದು ಗಂಟೆ ಸೇರಿಸಿ. ಒಂಬತ್ತೂವರೆ ಗಂಟೆ. ಬೆಳಗಿನ ಆರೂವರೆಗೆ ಹೊರಟರೆ ನಾಲ್ಕಕ್ಕೆ ಕೆಳಗಿರುತ್ತೀರಿ. ನವೆಂಬರ್‌ನಲ್ಲಿ ಸೂರ್ಯ ಆರರ ಸುಮಾರಿಗೆ ಮುಳುಗುತ್ತಾನೆ, ಮೇಲೆ ರಾತ್ರಿ ತಂಗಲು ಅರಣ್ಯ ಇಲಾಖೆ ಬಿಡುವುದಿಲ್ಲ. ಕೈಯಲ್ಲಿ ಉಳಿಯುವುದು ಎರಡೇ ಗಂಟೆ. ಹಿಂಗಾರಿನ ಮಳೆ ಮಧ್ಯಾಹ್ನದ ಮೇಲೆ ಒಮ್ಮೊಮ್ಮೆ ಗುಡುಗಿನೊಂದಿಗೆ ಬರುತ್ತದೆ, ಆಗ ಬೋಳು ಹುಲ್ಲುಬೆಟ್ಟದ ಮೇಲೆ ನಿಲ್ಲಬಾರದು. ಆದ್ದರಿಂದ ನಿಮ್ಮ ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ತುದಿ ಕಣ್ಣೆದುರೇ ಇದ್ದರೂ ಹಿಂದಿರುಗಬೇಕು. ಇದನ್ನು ಮನೆಯಲ್ಲಿ ಕೂತೇ ತೀರ್ಮಾನಿಸಿ. ಬೆಟ್ಟದ ಮೇಲೆ ಕೂತು ಯೋಚಿಸಿದರೆ ಎಲ್ಲರಿಗೂ ‘ಇನ್ನೊಂದು ಸ್ವಲ್ಪ’ ಅನ್ನಿಸುತ್ತದೆ.

ಪಾದಯಾತ್ರೆಯ ಧೈರ್ಯ ಸುಳ್ಳಲ್ಲ. ಆದರೆ ಅದು ಬಹುಮಟ್ಟಿಗೆ ಸಮದಾರಿಯ ಕಸುವು. ಊರೂರಿಗೆ ದಾಸೋಹ, ಸಂಜೆಯಾದರೆ ಮಲಗಲು ಜಾಗ, ಕಾಲು ನೊಂದರೆ ನಾಳೆ ನಿಧಾನ ನಡೆದರಾಯಿತು. ಕಾಡಿನ ದಾರಿ ಹಿಡಿದವರಾದರೆ ನಾಗಲೂಟಿ ದಾಟಿದ ಮೇಲೆ ಭೀಮನಕೊಳ್ಳ ಇಳಿದು ಹತ್ತಿದ್ದು ನೆನಪಿರಬೇಕು. ಅಲ್ಲಿ ಕಾಲು ನಡುಗಿಸಿದ್ದು ಏರೋ ಇಳಿಜಾರೋ? ಏರುವಾಗ ದಣಿಯುವುದು ಎದೆ ಮತ್ತು ಉಸಿರು, ನಿಂತರೆ ಸುಧಾರಿಸುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಮೈಭಾರ ಹೊತ್ತುಕೊಂಡೇ ಹಿಗ್ಗಬೇಕು. ಬಯಲುಸೀಮೆಯ ನಮ್ಮ ಕಾಲಿಗೆ ಆ ಕೆಲಸದ ರೂಢಿಯೇ ಇಲ್ಲ. ಗದ್ದೆಯಲ್ಲಿ ದಿನವಿಡೀ ದುಡಿದವರಿಗೂ ಇಲ್ಲ. ತೊಡೆ ಸೋತಾಗ ಭಾರವೆಲ್ಲ ಮೊಣಕಾಲಿಗೆ ಬೀಳುತ್ತದೆ. ನಿಮ್ಮ ಕಟಕಟ ಕಾಲುವೆ ಏರಿ ಇಳಿಯುವಾಗಲೇ ಕೇಳುವುದು ಸುಮ್ಮನೆ ಅಲ್ಲ.

ಸಮಾಧಾನದ ಸಂಗತಿಯೂ ಇದೆ. ಒಮ್ಮೆ ಇಳಿದು ನೋವು ತಿಂದ ಸ್ನಾಯು ಮುಂದಿನ ಸಲ ಅಷ್ಟು ನೋಯುವುದಿಲ್ಲ. ಅದಕ್ಕೇ ಮಸ್ಕಿಗೆ ಹೋಗಿ. ಮಲ್ಲಿಕಾರ್ಜುನನ ಬೆಟ್ಟದ ಮೆಟ್ಟಿಲು ವಾರಕ್ಕೆರಡು ಸಲ ಹತ್ತಿ ಇಳಿಯಿರಿ, ಇಳಿಯುವುದನ್ನು ಬೇಕೆಂದೇ ನಿಧಾನ ಮಾಡಿ. ಮೊದಲ ವಾರ ಒಂದು ಸುತ್ತು, ಕಾಲು ಒಪ್ಪಿದ ಹಾಗೆ ಎರಡು, ಮೂರು. ದೇವರ ದರ್ಶನವೂ ಆಗುತ್ತದೆ, ಮನೆಯಲ್ಲಿ ಮಾತು ಕೇಳುವುದೂ ತಪ್ಪುತ್ತದೆ. (1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಪತ್ತೆ ಮಾಡಿದ ಅಶೋಕನ ಶಾಸನ ಅಲ್ಲೇ ಇದೆ. ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಎಂದು ಖಚಿತ ಮಾಡಿದ ಶಾಸನ ಅದು ಎಂದು ಎಷ್ಟು ಮಕ್ಕಳಿಗೆ ಪಾಠ ಮಾಡಿದ್ದೀರೋ. ಬಂಡೆಯ ಮುಂದೆ ಎರಡು ನಿಮಿಷ ಕೂಡಿ.) ಆ ಅಭ್ಯಾಸದಲ್ಲೂ ಮೊಣಕಾಲು ಊದಿದರೆ, ಅಥವಾ ಮರುದಿನ ನೋವು ಇಳಿಯದಿದ್ದರೆ, ಕುದುರೆಮುಖ ಈ ವರ್ಷಕ್ಕಲ್ಲ ಎಂದು ತಿಳಿಯಿರಿ.

ವೈದ್ಯರನ್ನು ಕಾಣದೆ ಹೊರಡಬೇಡಿ. ಒಂಬತ್ತು ಗಂಟೆಯ ಏರಿಳಿತ ಎಂದು ಬಿಡಿಸಿ ಹೇಳಿ. ‘ಸ್ವಲ್ಪ ವಾಕಿಂಗ್’ ಅಂದರೆ ಅವರೂ ತಲೆಯಾಡಿಸಿ ಕಳಿಸುತ್ತಾರೆ. ಟ್ರೆಡ್‌ಮಿಲ್ ಪರೀಕ್ಷೆ ಬೇಕೇ, ನಿಮ್ಮ ಬಿಪಿ ಮಾತ್ರೆ ಮೂತ್ರ ಹೆಚ್ಚಿಸುವ ಜಾತಿಯದೇ ಎಂದು ಕೇಳಿ, ಹಾಗಿದ್ದರೆ ನೀರಿನ ಲೆಕ್ಕ ಬದಲಾಗುತ್ತದೆ. ಮಾತ್ರೆಯನ್ನು ಮಾತ್ರ ನೀವಾಗಿ ಬಿಡಬೇಡಿ. ಹತ್ತುವಾಗ ಎದೆ ಹಿಡಿದಂತಾದರೆ, ನೋವು ತೋಳಿಗೋ ದವಡೆಗೋ ಹರಿದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ಕೂತು ಹೇಳಬೇಕು. ಸಂಕೋಚ ಜೀವ ತೆಗೆಯುವುದು ಇಲ್ಲೇ.

ಉಳಿದದ್ದು ಬೇಗ ಹೇಳುತ್ತೇನೆ. ಹೊಸ ಬೂಟು ತಂದರೆ ಮಸ್ಕಿಯಲ್ಲೇ ತಿಕ್ಕಿ ಹದ ಮಾಡಿ. ಇಳಿಯಲು ಕೋಲು ಇರಲಿ, ಎರಡಿದ್ದರೆ ಇನ್ನೂ ಒಳ್ಳೆಯದು. ಕಟಕ ರೊಟ್ಟಿ ಒಣಗಿದ ಗಂಟಲಲ್ಲಿ ಇಳಿಯುವುದಿಲ್ಲ, ಶೇಂಗಾ ಹೋಳಿಗೆ ಕಟ್ಟಿಸಿಕೊಳ್ಳಿ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಳಗ್ಗೆ ಬೆಟ್ಟಕ್ಕೆ ಕಾಲಿಡುವ ಬೆಂಗಳೂರಿನವರ ಪದ್ಧತಿ ನಿಮಗೆ ಬೇಡ. ಹಿಂದಿನ ದಿನವೇ ಕಳಸ ಸೇರಿ ಮಲಗಿ.

ಈಗ ಹುಡುಗಿಯರ ಮಾತು. ಮಗಳಿಗೆ ಇವತ್ತೇ ಫೋನ್ ಮಾಡಿ, ಮೊಣಕಾಲು, ಬಿಪಿ, ಹನ್ನೆರಡು ಗಂಟೆ, ಮೂರನ್ನೂ ಹೇಳಿ. ದಾರಿಯಲ್ಲಿ ‘ಒಂಟಿಮರ’ ಎಂಬ ಜಾಗ ಬರುತ್ತದೆ. ಅಲ್ಲಿ ನಿಂತು ನನ್ನನ್ನು ಒಮ್ಮೆ ಕೇಳು, ನಾನು ಸಾಕು ಅಂದರೆ ಯಾರಾದರೂ ಒಬ್ಬರು ನನ್ನ ಜೊತೆ ಇಳಿಯಬೇಕು, ಉಳಿದವರು ಮುಂದೆ ಹೋಗಲಿ ಎಂದು ಹೇಳಿ. ಇದನ್ನು ಗೆಳತಿಯರಿಗೂ ಮೊದಲೇ ತಿಳಿಸಲಿ. ಗೊತ್ತಿದ್ದು ಹಿಂದೆ ಬೀಳುವವನಿಂದ ಯಾರಿಗೂ ತೊಂದರೆಯಿಲ್ಲ. ಮುಚ್ಚಿಟ್ಟುಕೊಂಡು ಹೆಜ್ಜೆ ಹಾಕಿ ನಾಲ್ಕು ಗಂಟೆಗೆ ಕುಸಿಯುವವನು ಇಡೀ ತಂಡವನ್ನು ಕತ್ತಲೆಗೆ ಸಿಕ್ಕಿಸುತ್ತಾನೆ. ಇನ್ನೂ ಒಂದು: ಇಷ್ಟು ಬೆಟ್ಟ ಹತ್ತಿದ ಹುಡುಗಿ, 61 ವರ್ಷದ ಅಪ್ಪ ಓಡಿ ಮೇಲೇರುತ್ತಾನೆ ಅಂದುಕೊಂಡು ಕರೆದಿರಲಾರಳು. ತಾನು ಪ್ರತಿವರ್ಷ ನೋಡುವ ಆ ಹುಲ್ಲುಗಾವಲು, ಕಣಿವೆಯ ಮಡಿಲಲ್ಲಿ ಸೇರಿಕೊಂಡ ಶೋಲಾ ಕಾಡು ನಿಮಗೆ ತೋರಿಸಬೇಕು ಅನ್ನಿಸಿದೆ. ಅವೆರಡೂ ಅರ್ಧ ದಾರಿಯಲ್ಲೇ ಸಿಗುತ್ತವೆ.

ಟಿಕೆಟ್ ಆಗಿಬಿಟ್ಟಿದೆ ಅನ್ನುವ ದಾಕ್ಷಿಣ್ಯಕ್ಕೂ ಬೀಳಬೇಡಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆ ಸೇರಿದ ಮೇಲೆ ಇಲಾಖೆ ಆನ್‌ಲೈನ್ ಟಿಕೆಟ್ ಮತ್ತು ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ತಂದಿತು. ಹಾಗಾಗಿ ಮುಂಚೆಯೇ ಮಾಡಿಸಬೇಕು, ನಿಜ. ಆದರೆ ಆ ದುಡ್ಡು ಹೋದರೆ ಹೋಗಲಿ, ಮೊಣಕಾಲಿಗಿಂತ ಅಗ್ಗ.

ಮನೆಯವರ ವಿಷಯ ಬಿಟ್ಟೇಬಿಟ್ಟಿದ್ದೆ. ಅವರನ್ನೂ ಕರೆದುಕೊಂಡು ಹೋಗಿ. ಕಳಸದಿಂದ ಹೊರನಾಡು ತೀರ ಹತ್ತಿರ. ಅನ್ನಪೂರ್ಣೇಶ್ವರಿಯ ದರ್ಶನ ಮಾಡಿ, ಅಲ್ಲೇ ಪ್ರಸಾದ ಊಟ ಮುಗಿಸಿ, ನೀವು ಇಳಿಯುವ ಹೊತ್ತಿಗೆ ಅವರು ಕಳಸದಲ್ಲಿ ಕಾಯಲಿ. ಯಾವ ಹರಕೆ ಎಂದು ಕೇಳಿದ್ದರಲ್ಲ, ಅದನ್ನು ಅವರೇ ಹೊತ್ತುಕೊಂಡರೂ ಆದೀತು.