ಡಿಜಿಟಲ್ ಅರೆಸ್ಟ್ ಬೆದರಿಕೆಯೂ ಹಿರಿಯರ ಆರೋಗ್ಯವೂ

ಪ್ರಶ್ನೆ: ವಿಡಿಯೊ ಕರೆಯಲ್ಲಿ ಪೊಲೀಸ್ ವೇಷ ತೊಟ್ಟವರ ‘ಡಿಜಿಟಲ್ ಅರೆಸ್ಟ್’ ಬೆದರಿಕೆಗೆ ಸಿಲುಕಿ ಹಣ ಕಳೆದುಕೊಂಡ 68 ವರ್ಷದ ನಿವೃತ್ತ ಶಿಕ್ಷಕರಿಗೆ ಆರು ವಾರ ಕಳೆದರೂ ನಿದ್ರೆಯಿಲ್ಲ, ಹತೋಟಿಯಲ್ಲಿದ್ದ ರಕ್ತದೊತ್ತಡವೂ ಏರಿದೆ. ಓದಿದವರೂ ಹೀಗೆ ಮೋಸಹೋಗುವುದೇಕೆ? ಪರಿಹಾರವೇನು?

ಉತ್ತರ: ಬಂಧನದ ಮಾತು ಕಿವಿಗೆ ಬಿದ್ದೊಡನೆ ಮಿದುಳಿನಲ್ಲಿ ಅಪಾಯವನ್ನು ಗುರುತಿಸುವ ಅಮಿಗ್ಡಲ ಎಂಬ ಭಾಗ ಚುರುಕಾಗಿ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಹಾರ್ಮೋನುಗಳು ಸ್ರವಿಸುತ್ತವೆ, ಎದೆಬಡಿತವೂ ರಕ್ತದೊತ್ತಡವೂ ಏರುತ್ತವೆ, ಹಿಂದುಮುಂದು ಯೋಚಿಸುವ ಮುಂಮಿದುಳಿನ ಹಿಡಿತ ಸಡಿಲವಾಗುತ್ತದೆ. ಈ ಹೊತ್ತಿನಲ್ಲಿ ಎಷ್ಟು ಓದಿದವರಿಗೂ ಓದು ನೆರವಿಗೆ ಬರುವುದು ಕಷ್ಟ. ವಂಚಕರು ಕ್ಯಾಮೆರಾ ಆರಿಸಲು ಬಿಡದೆ, ಮನೆಯವರೊಡನೆ ಮಾತನಾಡಗೊಡದೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕೂರಿಸುವುದು ಆ ಭಯ ಇಳಿಯಬಾರದೆಂದೇ. ಅಷ್ಟರಲ್ಲಿ ಊಟ, ನಿದ್ರೆ, ಬಿ.ಪಿ. ಮಾತ್ರೆ ಎಲ್ಲವೂ ತಪ್ಪಿಹೋಗಬಹುದು.

ಕರೆ ಮುಗಿದ ಮೇಲೂ ದೇಹ ಕಾವಲು ಬಿಡುವುದಿಲ್ಲ. ಊಟಕ್ಕೆ ಕುಳಿತಾಗ ಫೋನ್ ರಿಂಗಾದರೆ ತುತ್ತು ಹಿಡಿದ ಕೈ ಅಲ್ಲೇ ನಿಲ್ಲುವುದು, ನಡುರಾತ್ರಿ ಬೆವತು ಎಚ್ಚರವಾಗುವುದು ಮುಂತಾದ ಲಕ್ಷಣಗಳು ಒಂದು ತಿಂಗಳು ಮೀರಿ ಉಳಿದರೆ, ಅದು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಕಳೆದುಹೋದ ಅಪಾಯವನ್ನು ಮನಸ್ಸು ಈಗಲೂ ನಡೆಯುತ್ತಿರುವಂತೆ ಅನುಭವಿಸುವ ಸ್ಥಿತಿ ಇರಬಹುದೇ ಎಂದು ಮನೋವೈದ್ಯರಲ್ಲಿ ತೋರಿಸಿಕೊಳ್ಳಬೇಕು. ಆಪ್ತಸಮಾಲೋಚನೆಯಿಂದ ಇದಕ್ಕೆ ನಿಜವಾದ ಉಪಶಮನವುಂಟು. ಮೆಡಿಕಲ್ ಶಾಪಿನಿಂದ ತಾವೇ ನಿದ್ರೆಮಾತ್ರೆ ತರುವುದು ಸಲ್ಲದು. ಎದೆನೋವು ಬಂದರೆ ಚಿಂತೆಯ ನೋವೆಂದು ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

‘ಇಷ್ಟು ಓದಿಯೂ ಬುದ್ಧಿ ಎಲ್ಲಿ ಹೋಗಿತ್ತು’ ಎಂಬ ಮನೆಯವರ ಮಾತು ಹಣ ಹೋದದ್ದಕ್ಕಿಂತ ಆಳವಾಗಿ ನೋಯಿಸಬಹುದು, ಹಾಗೆ ನಾಚಿಕೆಪಟ್ಟವರು ಲಕ್ಷಣಗಳನ್ನೂ ಮುಚ್ಚಿಡುತ್ತಾರೆ.

ಭಾರತದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಈ ಒಂದು ಸಂಗತಿ ಮೊದಲೇ ಮನಸ್ಸಿನಲ್ಲಿ ಬೇರೂರಿದ್ದವರು ಕರೆಯನ್ನು ಕತ್ತರಿಸಿ ಮಕ್ಕಳಿಗೋ ನೆರೆಯವರಿಗೋ ಹೇಳುವ ಸಾಧ್ಯತೆ ಹೆಚ್ಚಾದ್ದರಿಂದ, ಸೈಬರ್ ಎಚ್ಚರವನ್ನು ಲಸಿಕೆಯ ಸಾಲಿನಲ್ಲೇ ಇಡಬೇಕಾಗಿದೆ. ಹಣ ಹೋಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಬೇಗ ಕರೆ ಮಾಡಿದಷ್ಟೂ ಅದು ಮತ್ತೊಂದು ಖಾತೆಗೆ ಜಾರುವ ಮುನ್ನ ತಡೆಹಿಡಿಯುವ ಅವಕಾಶ ಹೆಚ್ಚು. ಮನಸ್ಸಿನ ನೆರವಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಬಿ.ಪಿ. ತಪಾಸಣೆಗೆ ಹೋದಾಗ ನಡೆದ ವಂಚನೆಯನ್ನೂ ವೈದ್ಯರಿಗೆ ತಿಳಿಸಬೇಕು. ಅದು ಗೊತ್ತಾಗದಿದ್ದರೆ ಮಾತ್ರೆಯ ಪ್ರಮಾಣವಷ್ಟೇ ಏರಿ, ನಿದ್ರೆ ಕೆಡಿಸಿದ ಕಾರಣ ಹಾಗೆಯೇ ಉಳಿಯುತ್ತದೆ.